ಮಲಗಿದ ಮಗನ ಗಡಿಯಾರದ ಪ್ಲಗ್ ಕೀಳಿಸುವ ಅಪ್ಪ: 'ಎವ್ರಿಬಡಿ ಹೇಟ್ಸ್ ಕ್ರಿಸ್' ಮತ್ತೆ ನೋಡಬೇಕಾ?

ಪ್ರಶ್ನೆ: ತುಂಬಾ ವರ್ಷದ ಹಿಂದೆ 'ಎವ್ರಿಬಡಿ ಹೇಟ್ಸ್ ಕ್ರಿಸ್' ಅಲ್ಲೊಂದು ಇಲ್ಲೊಂದು ಎಪಿಸೋಡ್ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಈಗ ಹದಿಮೂರು ವರ್ಷದ ಮಗನ ಜೊತೆ ಮೊದಲಿಂದ ಕೊನೆಯವರೆಗೆ ನೋಡುವ ಆಸೆ. ಆದರೆ ಒಳ್ಳೆಯ ಸಿಟ್‌ಕಾಮ್‌ಗಳ ಪಟ್ಟಿಯಲ್ಲಿ ಇದರ ಹೆಸರೇ ಕಾಣುವುದಿಲ್ಲ. ಯಾಕೆ? ಈಗಲೂ ನೋಡುವ ಹಾಗಿದೆಯಾ? ಹಳೇ ಡಿವಿಡಿ ಸೆಟ್ ಕೊಳ್ಳಲಾ, ಸ್ಟ್ರೀಮಿಂಗೇ ಸಾಕಾ?

ಉತ್ತರ: ಧಾರಾಳವಾಗಿ ನೋಡಬಹುದು. ಡಿವಿಡಿ ಸಿಕ್ಕರೆ ಕೊಳ್ಳಿ. ಕೊಳ್ಳುವ ಮುಂಚೆ ನಾಲ್ಕೈದು ವಿಷಯ ಗಮನಿಸಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಪಟ್ಟಿಗಳ ವಿಷಯ. ಇದು ಕೆಟ್ಟ ಸೀರಿಯಲ್ ಅಂತ ಯಾರೂ ಬಿಟ್ಟಿದ್ದಲ್ಲ, ಹುಟ್ಟಿದ ಮನೆ ಸರಿಯಿರಲಿಲ್ಲ ಅಷ್ಟೇ. 2005ರ ಸೆಪ್ಟೆಂಬರ್ 22ರಂದು ಯುಪಿಎನ್ ಅನ್ನುವ ಸಣ್ಣ ನೆಟ್‌ವರ್ಕ್‌ನಲ್ಲಿ ಶುರುವಾಯಿತು. ಗುರುವಾರ ರಾತ್ರಿ ಎಂಟು ಗಂಟೆ, ಅದೇ ಹೊತ್ತಿಗೆ ಎನ್‌ಬಿಸಿ ಅನ್ನುವ ದೊಡ್ಡ ನೆಟ್‌ವರ್ಕ್‌ನಲ್ಲಿ 'ಫ್ರೆಂಡ್ಸ್' ಬೆನ್ನಿಗೆ ಬಂದ 'ಜೋಯಿ'. ಆದರೂ ಮೊದಲ ದಿನ ಸುಮಾರು 78 ಲಕ್ಷ ಜನ ನೋಡಿದರು. ಯುಪಿಎನ್‌ನ ಯಾವ ಕಾಮಿಡಿಗೂ ಅಷ್ಟು ಒಳ್ಳೆಯ ಆರಂಭ ಸಿಕ್ಕಿರಲಿಲ್ಲ. ಅದೇ ವರ್ಷ ಗೋಲ್ಡನ್ ಗ್ಲೋಬ್‌ನ ಒಳ್ಳೆಯ ಕಾಮಿಡಿ ಸರಣಿಗಳ ನಾಮಿನೇಷನ್‌ನಲ್ಲೂ ಹೆಸರು ಬಂತು. ಇನ್ನೇನು ಬೇಕು ಅನ್ನುವಷ್ಟರಲ್ಲಿ ನೆಟ್‌ವರ್ಕೇ ಮುಚ್ಚಿಹೋಯಿತು! 2006ರ ಸೆಪ್ಟೆಂಬರ್‌ನಲ್ಲಿ ಯುಪಿಎನ್, ಡಬ್ಲ್ಯೂಬಿ ಎರಡಕ್ಕೂ ಬಾಗಿಲು ಹಾಕಿ ಸಿಡಬ್ಲ್ಯೂ ಅಂತ ಒಂದೇ ಚಾನೆಲ್ ಮಾಡಿದರು. ಹೊಸ ಚಾನೆಲ್‌ನವರು ಇದನ್ನು ವಾರದ ಒಂದು ದಿನದಿಂದ ಇನ್ನೊಂದು ದಿನಕ್ಕೆ ಎತ್ತಿ ಹಾಕುತ್ತಾ ಹಾಕುತ್ತಾ ಕೊನೆಗೆ ಶುಕ್ರವಾರ ರಾತ್ರಿಗೆ ತಂದು ಕೂರಿಸಿದರು. ಅಮೆರಿಕದಲ್ಲಿ ಶುಕ್ರವಾರ ರಾತ್ರಿ ಜನ ಟೀವಿ ಮುಂದೆ ಕೂರುವುದು ಕಡಿಮೆ, ಎಲ್ಲರಿಗೂ ಗೊತ್ತಿರುವ ವಿಷಯ. 2009ರ ಮೇ 8ಕ್ಕೆ ಮುಗಿಯಿತು. ನಾಲ್ಕು ಸೀಸನ್, ತಲಾ 22, ಒಟ್ಟು 88 ಎಪಿಸೋಡ್. ತಮಾಷೆ ಅಂದರೆ ಬ್ರೆಜಿಲ್‌ನಲ್ಲಿ ರೆಕಾರ್ಡ್ ಟೀವಿಯವರು ಇದನ್ನೇ ಮತ್ತೆ ಮತ್ತೆ ಹಾಕಿ ಅಲ್ಲಿ ಮನೆಮಾತಾಗಿಬಿಟ್ಟಿತು. ತವರಲ್ಲಿ ಮಾತ್ರ ಪಟ್ಟಿ ಮಾಡುವವರಿಗೆ 2005 ಅಂದರೆ 'ದಿ ಆಫೀಸ್' ಒಂದೇ ನೆನಪು.

ಕಥೆ ನಿಮಗೆ ಗೊತ್ತು, ಆದರೂ ಮಗನಿಗೆ ಹೇಳಲು ಬೇಕಾಗುತ್ತದೆ. ಕಾಮಿಡಿಯನ್ ಕ್ರಿಸ್ ರಾಕ್ ತನ್ನ ಬಾಲ್ಯವನ್ನೇ ಅಲಿ ಲೆರಾಯ್ ಜೊತೆ ಸೇರಿ ಸೀರಿಯಲ್ ಮಾಡಿದರು. ರಾಕ್ ಹುಟ್ಟಿದ್ದು 1965ರಲ್ಲಿ, ಆದರೆ ಸೀರಿಯಲ್‌ನ ಕ್ರಿಸ್‌ಗೆ ಹದಿಮೂರು ತುಂಬುವುದು 1982ರಲ್ಲಿ. ಅಂದರೆ ಕಾಲವನ್ನು ಸ್ವಲ್ಪ ಮುಂದಕ್ಕೆ ಎಳೆದಿದ್ದಾರೆ. ಸರ್ಕಾರಿ ವಸತಿ ಕಟ್ಟಡದಿಂದ ಬ್ರೂಕ್ಲಿನ್‌ನ ಬೆಡ್-ಸ್ಟೈ ಬಡಾವಣೆಯ ಮನೆಗೆ ಬರುವ ಕರಿಯರ ಕುಟುಂಬ. ದೊಡ್ಡ ಮಗ ಎರಡು ಬಸ್ ಬದಲಿಸಿ ಬಿಳಿ ಹುಡುಗರೇ ತುಂಬಿರುವ ಶಾಲೆಗೆ ಹೋಗಬೇಕು. ಮನೆಯಲ್ಲಿ ತಮ್ಮ ಡ್ರೂ, ಅಪ್ಪನ ಮುದ್ದಿನ ತಂಗಿ ಟೋನ್ಯಾ. ಇದೆಲ್ಲದರ ಮೇಲೆ ದೊಡ್ಡವರಾದ ಕ್ರಿಸ್ ರಾಕ್ ಅವರದೇ ದನಿ, ಎಲ್ಲದಕ್ಕೂ ವ್ಯಾಖ್ಯಾನ ಹೇಳುತ್ತಾ.

ಇಷ್ಟು ಕೇಳಿದರೆ ಇದು ಹುಡುಗನ ಕಥೆ ಅನ್ನಿಸುತ್ತದೆ. ಮೊದಲ ಸಲ ಎಲ್ಲರೂ ಹಾಗೇ ನೋಡುತ್ತಾರೆ. ಡಿಸ್ಕ್ ಹಾಕಿಕೊಂಡು ಸಾಲಾಗಿ ನೋಡಿದಾಗ ಕಾಣುವುದೇ ಬೇರೆ: ಇದು ಒಂದು ಮನೆಯ ಖರ್ಚು-ವೆಚ್ಚದ ಪುಸ್ತಕ, ಅದನ್ನು ಬರೆಯುವವನು ಅಪ್ಪ ಜೂಲಿಯಸ್. ವಾರಕ್ಕೊಂದು ಎಪಿಸೋಡ್ ಬರುತ್ತಿದ್ದಾಗ ಅವನ ಜಿಪುಣತನ ಬರೀ ಜೋಕಾಗಿತ್ತು. ಈಗಲೂ ಜೂಲಿಯಸ್‌ನ ತುಣುಕುಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಹಂಚುತ್ತಾರಲ್ಲ, ಅದರಲ್ಲೂ ಅಷ್ಟೇ. ಸಾಲಾಗಿ ನೋಡಿದರೆ ಆ ಜೋಕಿನ ಕೆಳಗೆ ಒಂದು ಲೆಕ್ಕ ಓಡುತ್ತಿರುವುದು ಗೊತ್ತಾಗುತ್ತದೆ.

ಮೊದಲ ಎಪಿಸೋಡನ್ನೇ ತೆಗೆದುಕೊಳ್ಳಿ. ಮೇಜಿನ ಮೇಲೆ ಹಾಲು ಚೆಲ್ಲುತ್ತದೆ. ಬೇರೆ ಅಪ್ಪನಾದರೆ ಗದರಿಸುತ್ತಾನೆ. ಜೂಲಿಯಸ್ ಚೆಲ್ಲಿದ ಹಾಲಿಗೆ ಬೆಲೆ ಕಟ್ಟುತ್ತಾನೆ, 49 ಸೆಂಟ್ ಅಂತ, ಅದನ್ನ ಯಾರಾದರೂ ಕುಡಿಯಲೇಬೇಕು ಅಂತಾನೆ. ನಗು ಬರುತ್ತದೆ. ಈಗ ಒಂದು ಲೆಕ್ಕ ಹಾಕಿ. 1981ರಿಂದ 1990ರವರೆಗೆ ಅಮೆರಿಕದ ಕೇಂದ್ರ ಸರ್ಕಾರ ಗೊತ್ತು ಮಾಡಿದ್ದ ಕನಿಷ್ಠ ಕೂಲಿ ಗಂಟೆಗೆ 3 ಡಾಲರ್ 35 ಸೆಂಟ್. ಆ ಕೂಲಿಯಲ್ಲಿ 49 ಸೆಂಟ್ ಸಂಪಾದಿಸಲು ಸುಮಾರು ಒಂಬತ್ತು ನಿಮಿಷ ದುಡಿಯಬೇಕು. ಜೂಲಿಯಸ್‌ಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತಿತ್ತು ಅಂತಲೇ ಇಟ್ಟುಕೊಳ್ಳಿ. ಆದರೂ ಎರಡೆರಡು ಕೆಲಸ ಮಾಡಿ, ಹಗಲೊತ್ತು ಸಿಕ್ಕಷ್ಟು ನಿದ್ದೆ ಮಾಡುವವನಿಗೆ ಮೇಜಿನಿಂದ ಕೆಳಗೆ ತೊಟ್ಟಿಕ್ಕುತ್ತಿರುವುದು ತನ್ನದೇ ಹೊತ್ತು.

ಅದೇ ಎಪಿಸೋಡ್‌ನಲ್ಲಿ ಮಲಗಲು ಹೋದ ಮಗನಿಗೆ ಗಡಿಯಾರದ ಪ್ಲಗ್ ಕೀಳು ಅಂತಾನೆ. ನಿದ್ದೆ ಮಾಡುವಾಗ ಟೈಮ್ ನೋಡೋಕಾಗಲ್ಲ, ಗಂಟೆಗೆ ಎರಡು ಸೆಂಟ್ ದಂಡ ಅನ್ನುವುದು ಅವನ ವಾದ. ಇದು ಮಾತ್ರ ಶುದ್ಧ ಉತ್ಪ್ರೇಕ್ಷೆ, ಬಿಡಿ. ಅಂಥ ಗಡಿಯಾರ ಎಳೆಯುವುದು ಎರಡು ಮೂರು ವ್ಯಾಟ್, ಇಡೀ ದಿನ ಓಡಿದರೂ ಎರಡು ಸೆಂಟಿನ ಕರೆಂಟ್ ಸುಡುವುದಿಲ್ಲ. ಆದರೆ ಜೂಲಿಯಸ್ ಪಾತ್ರ ಮಾಡಿದ ಟೆರಿ ಕ್ರೂಸ್ ಆ ಮಾತು ಹೇಳುವ ರೀತಿ ನೋಡಿ. ಕಣ್ಣು ಹೊಡೆಯುವುದಿಲ್ಲ, ನಗಿಸಲು ನಿಲ್ಲುವುದಿಲ್ಲ, ಗುಡ್‌ನೈಟ್ ಹೇಳಿದಷ್ಟೇ ಸಲೀಸಾಗಿ ಹೇಳಿ ಹೋಗುತ್ತಾನೆ. ಅಷ್ಟು ದೊಡ್ಡ ಮೈಕಟ್ಟಿನ ಮನುಷ್ಯ, ಅಮೆರಿಕನ್ ಫುಟ್‌ಬಾಲ್ ಆಡಿ ಬಂದವನು, ಇಡೀ ಸೀರಿಯಲ್‌ನಲ್ಲಿ ಸುಸ್ತಾದವನ ಹಾಗೆ ನಡೆಯುತ್ತಾನೆ. ಹೆಗಲು ಸ್ವಲ್ಪ ಇಳಿದಿರುತ್ತದೆ. ನಾಲ್ಕು ಸೀಸನ್ ಇದನ್ನು ಬಿಡದೆ ಮಾಡಿದ್ದಕ್ಕೆ ಅವನಿಗೆ ಟೀವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿಗೆ ಒಂದು ನಾಮಿನೇಷನ್ ಕೂಡ ಸಿಗಲಿಲ್ಲ, ನನಗೆ ಈಗಲೂ ಸಿಟ್ಟು ಬರುವ ವಿಷಯ ಇದು.

ಲೆಕ್ಕದ ಇನ್ನೊಂದು ಪುಟ ಅಮ್ಮ ರೊಚೆಲ್. ಟಿಶೀನಾ ಆರ್ನಾಲ್ಡ್ ಮಾಡಿದ ಪಾತ್ರ. ಕೆಲಸದಲ್ಲಿ ಯಾರಾದರೂ ಒಂದು ಮಾತಂದರೆ ಸಾಕು, ನನ್ನ ಗಂಡನಿಗೆ ಎರಡು ಕೆಲಸ ಇದೆ, ನನಗೆ ಇದು ಬೇಕಾಗಿಲ್ಲ ಅಂತ ಹೇಳಿ ಎದ್ದು ಬರುತ್ತಾಳೆ. ಮೊದಲ ಸಲ ಕೇಳಿದಾಗ ಚಪ್ಪಾಳೆ ತಟ್ಟಬೇಕು ಅನ್ನಿಸುತ್ತದೆ. ಸಾಲಾಗಿ ನೋಡುವಾಗ ಮಾತ್ರ ತಕ್ಷಣ ಜೂಲಿಯಸ್‌ನ ಮುಖ ಕಣ್ಣ ಮುಂದೆ ಬರುತ್ತದೆ. ಆ ಎರಡು ಕೆಲಸ ಮಾಡಬೇಕಾದವನು ಅವನೇ ತಾನೆ? ಅವನು ಕಾಸು ಉಳಿಸುತ್ತಾನೆ, ಅವಳು ಮರ್ಯಾದೆ ಉಳಿಸುತ್ತಾಳೆ, ಇವರಿಬ್ಬರ ಜಗಳ ಮುಗಿಯುವುದೇ ಇಲ್ಲ.

ಇದು ಚೆನ್ನಾಗಿ ಕಾಣುವುದು ಮೊದಲ ಸೀಸನ್‌ನ ಫುಡ್ ಸ್ಟ್ಯಾಂಪ್ ಎಪಿಸೋಡ್‌ನಲ್ಲಿ. ಬೀದಿಯಲ್ಲಿ ಜೂಲಿಯಸ್‌ಗೆ ಫುಡ್ ಸ್ಟ್ಯಾಂಪ್, ಅಂದರೆ ಬಡವರು ದಿನಸಿ ಕೊಳ್ಳಲು ಸರ್ಕಾರ ಕೊಡುತ್ತಿದ್ದ ಚೀಟಿ, ಸಿಗುತ್ತವೆ. ಅವನಿಗೆ ಅದು ಪುಕ್ಕಟೆ ದಿನಸಿ, ಅವಳಿಗೆ ಬೀದಿಯಲ್ಲಿ ಮಾನ ಹೋಗುವ ವಿಷಯ. ಮಗನಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. ಇವತ್ತು ಅಮೆರಿಕದಲ್ಲಿ ಈ ಸರ್ಕಾರಿ ನೆರವು ಕಾರ್ಡಿನ ಮೇಲೆ ಬರುತ್ತದೆ, ಉಜ್ಜಿದರೆ ಮುಗಿಯಿತು, ಪಕ್ಕದವನಿಗೂ ಗೊತ್ತಾಗುವುದಿಲ್ಲ. ಆಗ ಹಾಗಿರಲಿಲ್ಲ. ಬಣ್ಣಬಣ್ಣದ ಕಾಗದದ ಕೂಪನ್, ಪುಟ್ಟ ಪುಸ್ತಕದ ಹಾಗೆ ಇರುತ್ತಿತ್ತು. ಕ್ಯೂನಲ್ಲಿ ನಿಂತು, ಎಲ್ಲರ ಎದುರಿಗೆ, ಒಂದೊಂದೇ ಹರಿದು ಕೊಡಬೇಕು. ಇದು ಗೊತ್ತಿದ್ದರೆ ರೊಚೆಲ್‌ನ ಹಟ ಅತಿ ಅನ್ನಿಸುವುದಿಲ್ಲ.

ಅದೇ ಸೀಸನ್‌ನಲ್ಲಿ ಕ್ರಿಸ್ ಒಂದು ಲೆದರ್ ಜಾಕೆಟ್ ಆಸೆಗೆ ಅಪ್ಪನ ಜೊತೆ ಪೇಪರ್ ಹಂಚುವ ಕೆಲಸಕ್ಕೆ ಹೋಗುವ ಎಪಿಸೋಡ್ ಇದೆ. ಜಾಸ್ತಿ ಹೇಳಿದರೆ ಮಜಾ ಹೋಗುತ್ತದೆ. ನಿಮ್ಮ ಮಗನ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ಎಪಿಸೋಡ್ ಇಲ್ಲ.

ಇನ್ನೊಂದು ವಿಷಯ ತಿಳಿದು ನೋಡಿದರೆ ಒಳ್ಳೆಯದು. ಕ್ರಿಸ್ ರಾಕ್ ಅವರ ನಿಜವಾದ ಅಪ್ಪನ ಹೆಸರೂ ಜೂಲಿಯಸ್. ಸೀರಿಯಲ್‌ನ ಅಪ್ಪನ ಹಾಗೆ ಅವರೂ ಟ್ರಕ್ ಓಡಿಸುತ್ತಿದ್ದರು, ಪೇಪರ್ ಹಾಕುತ್ತಿದ್ದರು. 1988ರಲ್ಲಿ ತೀರಿಕೊಂಡರು. ಸೀರಿಯಲ್ ಕಥೆ 1987ಕ್ಕೆ ನಿಂತುಬಿಡುತ್ತದೆ. ಅಂದರೆ ಮೇಲಿನಿಂದ ಅಪ್ಪನ ಮೇಲೆ ಜೋಕ್ ಮಾಡುತ್ತಿರುವ ಆ ದನಿ ಅಪ್ಪನನ್ನು ಕಳೆದುಕೊಂಡು ಬಹಳ ವರ್ಷವಾದ ಮಗನದು. ಸೀರಿಯಲ್ ಇದನ್ನ ಎಲ್ಲೂ ಎತ್ತಿ ತೋರಿಸುವುದಿಲ್ಲ, ಅಳಿಸಲು ಹೋಗುವುದಿಲ್ಲ. ನನಗೆ ಅದು ಬಹಳ ಹಿಡಿಸಿದ ಗುಣ.

ಎಲ್ಲಾ ಚಿನ್ನ ಅಂತ ಹೇಳುತ್ತಿಲ್ಲ. ಟೀಚರ್ ಮಿಸ್ ಮೊರೆಲೊ ಜೋಕ್ ಒಂದೇ: ಒಳ್ಳೆಯ ಮನಸ್ಸಿನಿಂದಲೇ ಕರಿಯರ ಬಗ್ಗೆ ಕೆಟ್ಟದ್ದನ್ನು ಊಹಿಸಿಕೊಳ್ಳುವುದು. ಚುರುಕಾದ ಜೋಕೇ, ಆದರೆ ನಾಲ್ಕು ಸೀಸನ್ ಎಳೆಯುವಷ್ಟಲ್ಲ. ರಾಕ್ ದನಿ ಕೆಲವು ಸಲ ನಾವು ಆಗಲೇ ನೋಡಿ ನಕ್ಕಿದ್ದನ್ನ ಮತ್ತೆ ಬಾಯಲ್ಲಿ ಹೇಳುತ್ತದೆ. ಎರಡನೇ ಸೀಸನ್‌ನ ಮಧ್ಯೆ ಕಥೆ ಸ್ವಲ್ಪ ತೂಕಡಿಸುತ್ತದೆ. ಇನ್ನು ಹೆಚ್ಚುಕಮ್ಮಿ ಪ್ರತಿ ಎಪಿಸೋಡ್ ಕೊನೆಗೂ ಕ್ರಿಸ್ ಸೋಲಬೇಕು, ಹೆಸರೇ ಹಾಗಿದೆಯಲ್ಲ. ಅದಕ್ಕೇ ಒಂದೇ ಕೂತಲ್ಲಿ ಐದಾರು ನೋಡಬೇಡಿ. ಎರಡು, ಹೆಚ್ಚೆಂದರೆ ಮೂರು. ಅದಕ್ಕಿಂತ ಜಾಸ್ತಿ ಆದರೆ ಅಚ್ಚು ಕಾಣಿಸಲು ಶುರುವಾಗುತ್ತದೆ, ಪಾಪ ಹುಡುಗ ಅನ್ನುವುದು ಹೋಗಿ ಮತ್ತೆ ಅದೇನಾ ಅನ್ನಿಸುತ್ತದೆ.

ಮಗನ ಜೊತೆ ನೋಡುವುದಕ್ಕೆ ತೊಂದರೆ ಇಲ್ಲ. ಶಾಲೆಯ ಪುಂಡ ಕರೂಸೊ ಬಾಯಲ್ಲಿ ಜನಾಂಗದ ಬೈಗುಳ ಬರುತ್ತದೆ. ಅದನ್ನ ಸುಮ್ನೆ ದಾಟಿಸಬೇಡಿ, ನಿಲ್ಲಿಸಿ ಮಾತಾಡಿ. ಒಂದೆರಡು ಎಪಿಸೋಡ್‌ನಲ್ಲಿ ಹದಿಹರೆಯದ ಕುತೂಹಲದ ಜೋಕ್‌ಗಳಿವೆ, 'ಪ್ಲೇಬಾಯ್' ಹೆಸರಿನದೇ ಒಂದಿದೆ. ಅದನ್ನ ನೀವು ಮೊದಲು ಒಬ್ಬರೇ ನೋಡಿ ತೀರ್ಮಾನ ಮಾಡಿ. ಶಾಲೆಗಳ ಹೆಸರು ಕೊರ್ಲಿಯೋನ್, ಟಟಾಗ್ಲಿಯಾ ಅಂತ 'ಗಾಡ್‌ಫಾದರ್'ನ ಮನೆತನಗಳದ್ದು. ಅವನಿಗೆ ಈಗ ಗೊತ್ತಾಗದಿದ್ದರೂ ಪರವಾಗಿಲ್ಲ.

ಈಗ ಡಿವಿಡಿ ವಿಷಯ. ಸ್ಟ್ರೀಮಿಂಗ್ ಸಾಕಾ ಅಂತ ಕೇಳಿದ್ದೀರಿ. ಚಿತ್ರದ ಗುಣಮಟ್ಟವೇ ಮುಖ್ಯ ಅನ್ನುವುದಾದರೆ ಸ್ಟ್ರೀಮಿಂಗ್ ಎಚ್‌ಡಿಯಲ್ಲಿದ್ದರೆ ಅದೇ ಗೆಲ್ಲುತ್ತದೆ, ವಾದವೇ ಬೇಡ. ಅಮೆರಿಕದ ಡಿವಿಡಿ ಅಂದರೆ 720 x 480 ಚುಕ್ಕಿಗಳು, ನಿಮ್ಮ 4ಕೆ ಟೀವಿಯಲ್ಲಿ ಅದರ 24 ಪಟ್ಟು ಇರುತ್ತವೆ. ಉಳಿದದ್ದನ್ನ ಟೀವಿಯೇ ಊಹಿಸಿ ತುಂಬಬೇಕು. ಹಾಗಾಗಿ ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಮೋಷನ್ ಸ್ಮೂದಿಂಗ್ ಆಫ್ ಮಾಡಿ, ಸೋಫಾ ಸ್ವಲ್ಪ ಹಿಂದಕ್ಕೆ ತಳ್ಳಿ. ಬೇಕಾದಷ್ಟು ಚೆನ್ನಾಗಿ ಕಾಣುತ್ತದೆ.

ಡಿಸ್ಕ್ ಬೇಕಾಗುವುದು ಬೇರೆ ಕಾರಣಕ್ಕೆ. ಸ್ಟ್ರೀಮಿಂಗ್‌ನಲ್ಲಿ ಇವತ್ತು ಇರುವುದು ನಾಳೆ ಇರುತ್ತದೆ ಅನ್ನುವ ಭರವಸೆ ಇಲ್ಲ, ಎರಡನೇ ಸೀಸನ್ ನೋಡುತ್ತಿರುವಾಗಲೇ ಮಾಯವಾದರೆ ಏನು ಮಾಡುತ್ತೀರಿ? ಇನ್ನೊಂದು ಕಾರಣ ಹಾಡುಗಳು, ಆದರೆ ಇದು ಎರಡೂ ಕಡೆ ಕೊಯ್ಯುವ ಕತ್ತಿ. ಈ ಸೀರಿಯಲ್ ತುಂಬಾ ಎಂಬತ್ತರ ದಶಕದ ನಿಜವಾದ ಹಾಡುಗಳಿವೆ. ಒಂದು ಹಾಡು ಬಳಸಲು ಎರಡು ಹಕ್ಕು ಬೇಕು: ಬರೆದು ರಾಗ ಹಾಕಿದವರ ಕಡೆಯದು ಒಂದು, ಆ ರೆಕಾರ್ಡಿಂಗ್ ಯಾರ ಕೈಲಿದೆಯೋ ಆ ಕಂಪನಿಯದು ಇನ್ನೊಂದು. ಟೀವಿಗೆ ಅಂತ ಕೊಂಡ ಹಕ್ಕು ಡಿಸ್ಕ್‌ಗೂ ನಡೆಯಬೇಕು ಅಂತೇನಿಲ್ಲ. ಹಳೇ ಸೀರಿಯಲ್‌ಗಳು ಇದೇ ಕಾರಣಕ್ಕೆ ಹಾಳಾದವು. 'ಮ್ಯಾರೀಡ್ ವಿತ್ ಚಿಲ್ಡ್ರನ್' ಡಿವಿಡಿಗಳಲ್ಲಿ ಮೂರನೇ ಸೀಸನ್‌ನಿಂದ ಫ್ರಾಂಕ್ ಸಿನಾಟ್ರಾ ಹಾಡಿದ ಶೀರ್ಷಿಕೆ ಗೀತೆಯನ್ನೇ ಕಿತ್ತು ಬೇರೆ ಸಂಗೀತ ಹಾಕಿದರು. 'ದಿ ವಂಡರ್ ಇಯರ್ಸ್' 1993ಕ್ಕೆ ಮುಗಿದಿದ್ದು, ಹಾಡಿನ ಹಕ್ಕೆಲ್ಲ ಬಗೆಹರಿದು ಪೂರ್ತಿ ಸೆಟ್ ಬಂದಿದ್ದು 2014ರಲ್ಲಿ.

ಕ್ರಿಸ್ ಡಿವಿಡಿಗಳನ್ನು ತಂದಿದ್ದು ಪ್ಯಾರಮೌಂಟ್. ಪ್ಯಾರಮೌಂಟ್, ಸಿಬಿಎಸ್ ಬಾಕ್ಸ್‌ಗಳ ಹಿಂದೆ ಎಷ್ಟೋ ಸಲ ಇರುವೆ ಗಾತ್ರದ ಅಕ್ಷರದಲ್ಲಿ ಕೆಲವು ಸಂಗೀತ ಬದಲಾಗಿದೆ ಅಥವಾ ಪ್ರಸಾರಕ್ಕಿಂತ ಭಿನ್ನವಾಗಿರಬಹುದು ಅಂತ ಬರೆದಿರುತ್ತದೆ. ಮಾರುವವರ ಹತ್ತಿರ ಬಾಕ್ಸ್‌ನ ಹಿಂಬದಿಯ ಫೋಟೋ ಕೇಳಿ. ಕೈಗೆ ಬಂದ ಮೇಲೆ ಪರೀಕ್ಷೆ ಮಾಡಲು ಸುಲಭವಾದ ಜಾಗ ಒಂದಿದೆ: ಕೊನೆಯ ಎಪಿಸೋಡ್‌ನ ಕೊನೆಯ ದೃಶ್ಯ. (ಮಗನಿಗೆ ತೋರಿಸಬೇಡಿ, ನೀವು ಕಥೆ ಮೊದಲೇ ತಿಳಿಯುವುದು ಬೇಡ ಅನ್ನುವವರಾದರೆ ಮುಂದಿನ ಎರಡು ಸಾಲು ಬಿಡಿ.) ಶಾಲೆ ಬಿಟ್ಟ ಕ್ರಿಸ್ ಹೈಸ್ಕೂಲ್ ಪಾಸಿಗೆ ಸಮನಾದ ಜಿಇಡಿ ಪರೀಕ್ಷೆ ಬರೆದಿದ್ದಾನೆ, ಹೋಟೆಲ್‌ನಲ್ಲಿ ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ, ಫಲಿತಾಂಶ ಹೇಳುವ ಮುಂಚೆ ಪರದೆ ಕಪ್ಪಾಗುತ್ತದೆ. ಇದು 2007ರಲ್ಲಿ ಮುಗಿದ ಮಾಫಿಯಾ ಸೀರಿಯಲ್ 'ದಿ ಸೋಪ್ರಾನೋಸ್'ನ ಕೊನೆಯ ದೃಶ್ಯದ ಪಕ್ಕಾ ಅಣಕು. ಅಲ್ಲಿ ಜರ್ನಿ ತಂಡದ ಹಾಡಿತ್ತು, ಇಲ್ಲಿ ಬಾನ್ ಜೋವಿಯ 'ಲಿವಿನ್ ಆನ್ ಎ ಪ್ರೇಯರ್'. ಆ ಹಾಡು ನಿಮ್ಮ ಕಾಪಿಯಲ್ಲಿ ಕೇಳಿಸಿದರೆ ಸರಿ. ಯಾವುದೋ ಅನಾಮಧೇಯ ಗಿಟಾರ್ ಕೇಳಿಸಿದರೆ ಜೋಕ್ ಅರ್ಧ ಸತ್ತ ಹಾಗೆ, ಆಗ ಆ ಒಂದು ಎಪಿಸೋಡನ್ನ ಸ್ಟ್ರೀಮಿಂಗ್‌ನಲ್ಲಿ ಒಮ್ಮೆ ಹುಡುಕಿ ನೋಡಿ.

ಮಗನಿಗೆ ಇಂಗ್ಲಿಷ್ ಅಕ್ಷರ ಕೆಳಗೆ ಬರಬೇಕು ಅಂತಿದ್ದರೆ ಇದನ್ನ ಮರೆಯಬೇಡಿ, ರೊಚೆಲ್ ಮಾತಿನ ವೇಗಕ್ಕೆ ಅದು ಬೇಕಾಗುತ್ತದೆ. ಆ ಕಾಲದ ಅಮೆರಿಕದ ಟೀವಿ ಡಿವಿಡಿಗಳಲ್ಲಿ ಎಷ್ಟೋ ಸಲ ಸಬ್‌ಟೈಟಲ್ ಇರುವುದಿಲ್ಲ, ಕ್ಲೋಸ್ಡ್ ಕ್ಯಾಪ್ಷನ್ ಮಾತ್ರ ಇರುತ್ತದೆ. ಎರಡೂ ಒಂದೇ ಅಂದುಕೊಂಡು ಜನ ಮೋಸ ಹೋಗುತ್ತಾರೆ. ಸಬ್‌ಟೈಟಲ್ ಡಿಸ್ಕ್‌ನ ಮೆನುವಿನಲ್ಲಿ ಆನ್ ಆಗುತ್ತದೆ. ಕ್ಲೋಸ್ಡ್ ಕ್ಯಾಪ್ಷನ್ ಹಾಗಲ್ಲ, ಹಳೇ ಟೀವಿ ಸಿಗ್ನಲ್‌ನ 21ನೇ ಗೆರೆಯೊಳಗೆ ಅಡಗಿ ಕೂತಿರುತ್ತದೆ, ಅದನ್ನು ಎಚ್‌ಡಿಎಂಐ ಕೇಬಲ್ ಹೊತ್ತು ತರುವುದಿಲ್ಲ. ರಿಮೋಟ್ ಎಷ್ಟು ಒತ್ತಿದರೂ ಏನೂ ಬರುವುದಿಲ್ಲ. ಕ್ಯಾಪ್ಷನ್ ತಾನೇ ಬಿಡಿಸಿ ತೋರಿಸುವ ಪ್ಲೇಯರ್ ಬೇಕು, ಇಲ್ಲವೇ ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಸಾಫ್ಟ್‌ವೇರ್ ಹಾಕಿ ನೋಡಬಹುದು. ಬಾಕ್ಸ್ ಹಿಂದೆ ಸಬ್‌ಟೈಟಲ್ ಅಂತಿದೆಯಾ, ಬರೀ ಸಿಸಿ ಗುರುತಿದೆಯಾ ಅಂತ ಕೊಳ್ಳುವಾಗಲೇ ನೋಡಿಕೊಳ್ಳಿ.

ಅಮೆರಿಕದ ಸೆಟ್ ರೀಜನ್ 1. ಅಮೆರಿಕ, ಕೆನಡಾ ಬಿಟ್ಟು ಬೇರೆಡೆ ಕೊಂಡ ಪ್ಲೇಯರ್ ಅದನ್ನ ಓದಲ್ಲ ಅಂತ ಹಟ ಹಿಡಿಯಬಹುದು, ರೀಜನ್-ಫ್ರೀ ಪ್ಲೇಯರ್ ಇದ್ದರೆ ನಿಶ್ಚಿಂತೆ.

ಸೆಕೆಂಡ್ ಹ್ಯಾಂಡ್ ಡಿಸ್ಕ್ ತೆಗೆದುಕೊಂಡರೆ ಬೆಳಕಿಗೆ ಹಿಡಿದು ನೋಡಿ. ನಡುವಿನಿಂದ ಅಂಚಿಗೆ ಹೋಗುವ ಗೀರು ಅಷ್ಟು ತೊಂದರೆ ಕೊಡುವುದಿಲ್ಲ. ವೃತ್ತದ ಹಾಗೆ ಸುತ್ತಿಕೊಂಡಿರುವ ಗೀರು ಕೆಟ್ಟದ್ದು, ಲೇಸರ್ ಓಡುವ ದಾರಿಯಲ್ಲೇ ಬಿದ್ದಿರುತ್ತದೆ. ಒರೆಸುವಾಗ ನೀವೂ ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಗುಂಡಗೆ ತಿರುಗಿಸಬೇಡಿ. ಕೆಳಬದಿ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಅದು ಬರ್ನ್ ಮಾಡಿದ ಡಿಸ್ಕ್. ಕಂಪನಿಯವರೇ ಆರ್ಡರ್ ಬಂದಂತೆ ಬರ್ನ್ ಮಾಡಿ ಮಾರುವುದೂ ಉಂಟು, ಕಳ್ಳ ಕಾಪಿಯೂ ಆಗಿರಬಹುದು, ಕೇಳಿ ತಿಳಿದುಕೊಳ್ಳಿ.

ಮೊದಲ ಸೀಸನ್ ಒಂದನ್ನೇ ತರಿಸಿ ಶುರು ಮಾಡಿ, ಮಗನಿಗೆ ಹಿಡಿಸಿದರೆ ಉಳಿದ ಮೂರು. ಎಪಿಸೋಡ್‌ಗಳ ಕ್ರಮ ತಪ್ಪಿಸಬೇಡಿ, ನಾನು ಹೇಳಿದ ಲೆಕ್ಕ ಕಾಣುವುದು ಸಾಲಾಗಿ ನೋಡಿದರೆ ಮಾತ್ರ. ಎರಡನೇ ಸೀಸನ್‌ನಲ್ಲಿ ಬೇಸರ ಬಂದರೆ ಒಂದು ವಾರ ಬಿಟ್ಟು ಮತ್ತೆ ಹಿಡಿಯಿರಿ, ಮೂರಕ್ಕೆ ಹಾರಬೇಡಿ. 2024ರಲ್ಲಿ 'ಎವ್ರಿಬಡಿ ಸ್ಟಿಲ್ ಹೇಟ್ಸ್ ಕ್ರಿಸ್' ಅಂತ ಅನಿಮೇಷನ್ ಬಂದಿದೆ. ಟೆರಿ ಕ್ರೂಸ್, ಟಿಶೀನಾ ಆರ್ನಾಲ್ಡ್ ಇಬ್ಬರೂ ಅದಕ್ಕೆ ದನಿ ಕೊಟ್ಟಿದ್ದಾರೆ. ಮಗ ಕಾರ್ಟೂನ್ ಅಂತ ಅದನ್ನೇ ಮೊದಲು ಕೇಳಬಹುದು, ಕೊಡಬೇಡಿ. ಆ ಇಳಿದ ಹೆಗಲು ಬಿಡಿಸಿದ ಚಿತ್ರದಲ್ಲಿ ಸಿಗುವುದಿಲ್ಲ. 88 ಮುಗಿದ ಮೇಲೆ ಬೇಕಾದರೆ ನೋಡಿ.